ಎಂಜಿನ್ ಒಂದನ್ನೇ ಬದಲಿಸಲು ಬರುವುದಿಲ್ಲ



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ನಮ್ಮ ಅಧ್ಯಯನ ಬಳಗಕ್ಕೆ ಹೊಸದಾಗಿ ಬರುವವರ ಬಾಯಲ್ಲಿ ಸಾಮಾನ್ಯವಾಗಿ ಕೇಳುವ ಮಾತೊಂದಿದೆ. "ನನಗೆ ಬೇರೇನೂ ಬೇಡ ಮೇಡಂ, ಈ ಕೋಪ ಒಂದು ಹೋದರೆ ಸಾಕು." ಇನ್ನೊಬ್ಬರಿಗೆ ಕುಡಿತ ಒಂದು ಬಿಟ್ಟರೆ ಸಾಕು. ಮತ್ತೊಬ್ಬರಿಗೆ ರಾತ್ರಿ ನಿದ್ದೆ ಬಂದರೆ ಸಾಕು. ಬದುಕು ಉಳಿದಂತೆ ಹಾಗೇ ಇರಬೇಕು, ಕೆಟ್ಟುಹೋದ ಆ ಒಂದು ಭಾಗವನ್ನು ಮಾತ್ರ ಬಿಚ್ಚಿ ತೆಗೆದು ಹೊಸದನ್ನು ಕೂರಿಸಬೇಕು. ಈ ಆಸೆಯಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಧಮ್ಮದ ಬಾಗಿಲಿಗೆ ನಮ್ಮಲ್ಲಿ ಹೆಚ್ಚಿನವರು ಬರುವುದೇ ಹೀಗೆ.

ಆದರೆ ಒಂದನ್ನೇ ಬದಲಿಸಲು ಬರುತ್ತದೆಯೇ? ಇದಕ್ಕೆ ಉತ್ತರವನ್ನು ಇವತ್ತು ಒಂದು ಹಳೆಯ ಜಿಪ್ಸಿಯ ಬಾನೆಟ್ ಎತ್ತಿ ಹುಡುಕೋಣ.

ನನ್ನ ಅಕ್ಕನ ಮಗ ಬಿ.ಕಾಂ. ಓದಿದವನು. ಸೈಕಲ್ ಚೈನ್ ಬಿಟ್ಟರೆ ಬೇರೆ ಯಂತ್ರಕ್ಕೆ ಕೈ ಹಾಕಿದವನಲ್ಲ. ಅವರ ಮನೆ ಮಲೆನಾಡಿನ ಒಂದು ಏರಿನ ಮೇಲಿದೆ. ಭಾವ ಓಡಿಸುತ್ತಿದ್ದ ಹಳೆಯ ಮಾರುತಿ ಜಿಪ್ಸಿ ಅವರು ತೀರಿಕೊಂಡ ಮೇಲೆ ಕೊಟ್ಟಿಗೆ ಪಕ್ಕದಲ್ಲಿ ನಿಂತುಬಿಟ್ಟಿತ್ತು. ಮಳೆಗಾಲದ ರಾತ್ರಿಗಳಲ್ಲಿ ಹೆರಿಗೆಗೆ, ಹಾವು ಕಚ್ಚಿದವರಿಗೆ, ಜ್ವರದ ಮಕ್ಕಳಿಗೆ ಆ ಊರಿನಿಂದ ಆಸ್ಪತ್ರೆಗೆ ಹೋಗಿದ್ದ ಗಾಡಿ ಅದು. ಹುಡುಗ ಒಂದು ದಿನ ನನಗೆ ಫೋನ್ ಮಾಡಿ ಹೇಳಿದ: "ಚಿಕ್ಕಮ್ಮಾ, ಅಪ್ಪನ ಗಾಡಿಗೆ ಬೇರೆ ಎಂಜಿನ್ ಹಾಕ್ತೀನಿ. ಒಂದು ದಿನ ಬಿಚ್ಚೋಕೆ, ಒಂದು ದಿನ ಕೂರಿಸೋಕೆ. ಉಳಿದಿದ್ದೆಲ್ಲ ಹಾಗೇ ಇರುತ್ತೆ."

ಉಳಿದಿದ್ದೆಲ್ಲ ಹಾಗೇ ಇರುತ್ತೆ. ಬಳಗಕ್ಕೆ ಬರುವ ಹೊಸಬರು ಹೇಳುವುದೂ ಇದನ್ನೇ ಅಲ್ಲವೇ?

ಅವನಿಗೆ ಸಿಕ್ಕ ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ಅವರ ಮೊದಲ ಪ್ರಶ್ನೆ, "ಹಳೇ ಎಂಜಿನ್‌ಗೆ ಏನಾಗಿದೆ ಅಂತ ನೋಡಿದೀಯಾ?" ಹುಡುಗ ನೋಡಿರಲಿಲ್ಲ. ಹೊಗೆ ಬರುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಅಷ್ಟೇ ಗೊತ್ತು. ಮೇಸ್ತ್ರಿ ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ನೋಡಿದರು. ಪಿಸ್ಟನ್ ರಿಂಗ್ ಸವೆದಿದ್ದರೆ ಬೋರ್ ಮಾಡಿಸಿ ಹಳೆಯದನ್ನೇ ಉಳಿಸಬಹುದಿತ್ತು. ಹೆಡ್ ತೆಗೆದ ಮೇಲೆ ಕಂಡದ್ದು ಬೇರೆ. ಎಂದೋ ನೀರು ಖಾಲಿಯಾಗಿ, ಕಾದು, ಬ್ಲಾಕ್ ಸೀಳಿತ್ತು.

ಬುದ್ಧರು ನಾಲ್ಕು ಆರ್ಯಸತ್ಯಗಳಲ್ಲಿ ಪರಿಹಾರವನ್ನು ಮೊದಲಿಗೆ ಇಟ್ಟಿಲ್ಲ. ದುಃಖವನ್ನು ಕಾಣು, ಅದರ ಕಾರಣವನ್ನು ಕಾಣು, ಅದು ನಿಲ್ಲಬಲ್ಲದು ಎಂಬುದನ್ನು ಕಾಣು, ಆಮೇಲೆ ದಾರಿ. ಒಳ್ಳೆಯ ವೈದ್ಯ, ಒಳ್ಳೆಯ ಮೇಸ್ತ್ರಿ ಇಬ್ಬರ ಕ್ರಮವೂ ಇದೇ. ಹೊಸಬರು ನೇರವಾಗಿ ನಾಲ್ಕನೆಯದಕ್ಕೆ ಜಿಗಿಯುತ್ತೇವೆ. ಕೋಪ ಬಿಡುವ ಉಪಾಯ ಕೇಳುತ್ತೇವೆ, ಆ ಕೋಪ ಎಲ್ಲಿ ಸೀಳಿದೆ ಎಂದು ನೋಡುವುದಿಲ್ಲ.

ಈಗ ಎಂಜಿನ್ ಬದಲಿಸುವ ವಿಷಯ. ಜಿಪ್ಸಿ ನಮ್ಮ ದೇಶದಲ್ಲಿ 1985ರಲ್ಲಿ ಬಂತು. ಆಗ ಅದಕ್ಕಿದ್ದದ್ದು 970 ಸಿಸಿಯ ಕಾರ್ಬ್ಯುರೇಟರ್ ಎಂಜಿನ್, ಸುಮಾರು 45 ಅಶ್ವಶಕ್ತಿ. 1996ರಲ್ಲಿ ಜಿಪ್ಸಿ ಕಿಂಗ್ ಬಂದಾಗ ಅದು 1,298 ಸಿಸಿ ಆಯಿತು. 2000ದ ಹೊತ್ತಿಗೆ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು, ಶಕ್ತಿ 80ರ ಆಸುಪಾಸಿಗೆ ಏರಿತು. ಭಾವನದು 970 ಸಿಸಿಯ ಗಾಡಿ. ಹುಡುಗ ಹಾಕಬೇಕೆಂದದ್ದು ಕೊನೆಯ ಬಗೆಯ ಎಂಜಿನ್. ಎರಡೂ ಜಿಪ್ಸಿಯವೇ, ಹೆಸರು ಒಂದೇ, ಕೂರದೆ ಏನು ಎಂಬುದು ಅವನ ಲೆಕ್ಕ.

ಮೇಸ್ತ್ರಿ ಒಂದೊಂದಾಗಿ ಹೇಳುತ್ತಾ ಹೋದರು. ಹಳೆಯ ಗಾಡಿಯ ಗೇರ್‌ಬಾಕ್ಸ್ ನಾಲ್ಕು ಗೇರಿನದು, ಜಿಪ್ಸಿ ಕಿಂಗ್‌ನದು ಐದು ಗೇರಿನದು. ಹೊಸ ಎಂಜಿನ್‌ಗೆ ಅದರ ಗೇರ್‌ಬಾಕ್ಸನ್ನೇ ತರುವುದಾದರೆ, ಜಿಪ್ಸಿಯಲ್ಲಿ ಗೇರ್‌ಬಾಕ್ಸ್‌ಗೂ ಟ್ರಾನ್ಸ್‌ಫರ್ ಕೇಸ್‌ಗೂ ನಡುವೆ ಒಂದು ಗಿಡ್ಡ ಶಾಫ್ಟ್ ಇದೆ, ಅದರ ಅಳತೆ ನೋಡಬೇಕು. ಚಾಸಿಯ ಮೇಲೆ ಎಂಜಿನ್ ಕೂರುವ ಮೌಂಟಿಂಗ್ ಹೊಂದಬೇಕು. ಕ್ಲಚ್ ಹೊಂದಬೇಕು. ಹೆಚ್ಚು ಶಕ್ತಿ ಎಂದರೆ ಹೆಚ್ಚು ಶಾಖ, ರೇಡಿಯೇಟರ್ ಅದನ್ನು ತಾಳಬೇಕು. ಎಂಪಿಎಫ್‌ಐ ಎಂದರೆ ಅದಕ್ಕೊಂದು ಕಂಪ್ಯೂಟರ್, ಸೆನ್ಸರ್‌ಗಳು, ಬೇರೆಯೇ ವೈರಿಂಗ್.

ನನಗೆ ಬಹಳ ಹಿಡಿಸಿದ್ದು ಪೆಟ್ರೋಲಿನ ಸಂಗತಿ. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಮೆಲ್ಲಗೆ ಹರಿದು ಬಂದರೆ ಸಾಕು. ಇಂಜೆಕ್ಟರ್‌ಗೆ ಹಾಗಲ್ಲ, ಒತ್ತಡದಲ್ಲಿ ಬರಬೇಕು. ಅದಕ್ಕೆ ಎಲೆಕ್ಟ್ರಿಕ್ ಪಂಪ್ ಬೇಕು, ಆ ಒತ್ತಡ ತಡೆಯುವ ಪೈಪುಗಳು ಬೇಕು. ಅಂದರೆ ಗಾಡಿಯ ಮೂತಿಯಲ್ಲಿ ಎಂಜಿನ್ ಬದಲಿಸಿದವನು ಗಾಡಿಯ ಬೆನ್ನಿನಲ್ಲಿರುವ ಟ್ಯಾಂಕಿನವರೆಗೂ ಹೋಗಬೇಕು. ಇಷ್ಟೆಲ್ಲ ಆದ ಮೇಲೆ ಮೇಸ್ತ್ರಿ ಕೇಳಿದರು: "ಗಾಡಿ ಈಗ ಜೋರಾಗಿ ಓಡುತ್ತೆ ಸರಿ. ನಿಲ್ಲಿಸೋದು ಯಾರು?" ಬ್ರೇಕ್‌ಗಳೂ ಪಟ್ಟಿಗೆ ಸೇರಿದವು.

ಧಮ್ಮ ಬಂಧುಗಳೇ, *ಪಟಿಚ್ಚಸಮುಪ್ಪಾದ* ಎಂಬ ದೊಡ್ಡ ಪದವನ್ನು ನಾವು ಬಳಗದಲ್ಲಿ ಎಷ್ಟು ಸಲ ಬಿಡಿಸಿ ಓದಿದ್ದೇವೆ! ಯಾವುದೂ ತನ್ನಷ್ಟಕ್ಕೆ ತಾನು ನಿಂತಿಲ್ಲ, ಪ್ರತಿಯೊಂದೂ ಬೇರೆ ಕಾರಣಗಳ ಆಸರೆಯಲ್ಲಿ ಹುಟ್ಟಿ, ಆ ಆಸರೆ ಹೋದಾಗ ಇಲ್ಲವಾಗುತ್ತದೆ ಎನ್ನುವುದು ಅದರ ತಿರುಳು. ಹನ್ನೆರಡು ಕೊಂಡಿಗಳನ್ನು ಬಾಯಿಪಾಠ ಮಾಡಿದವರಿಗೂ ಅದು ಕೈಗೆ ಹತ್ತುವುದು ಇಂಥ ಕಡೆಗಳಲ್ಲಿ. ಕೋಪ ಮುಂದುಗಡೆ ಕಾಣುತ್ತದೆ, ಅದರ ಟ್ಯಾಂಕು ಹಿಂದೆಲ್ಲೋ ಇರುತ್ತದೆ. ಮಕ್ಕಳ ಮೇಲೆ ರೇಗುವ ತಾಯಿಯ ಕೋಪಕ್ಕೆ ಪೆಟ್ರೋಲು ಹರಿಯುತ್ತಿರುವುದು ನಡುರಾತ್ರಿಯವರೆಗಿನ ಮೊಬೈಲಿನಿಂದ ಇರಬಹುದು, ಯಾರಿಗೂ ಹೇಳದ ಸಾಲದಿಂದ ಇರಬಹುದು, ಹತ್ತು ವರ್ಷದ ಹಿಂದೆ ಅತ್ತೆಮನೆಯಲ್ಲಿ ಆದ ಅವಮಾನದಿಂದ ಇರಬಹುದು. ಟ್ಯಾಂಕಿನವರೆಗೆ ಹೋಗದೆ ಮೂತಿಯನ್ನಷ್ಟೇ ಬದಲಿಸಿದರೆ ಗಾಡಿ ಚಾಲೂ ಆಗುವುದಿಲ್ಲ.

ಅಷ್ಟಾಂಗ ಮಾರ್ಗಕ್ಕೆ ಎಂಟು ಅಂಗಗಳು ಇರುವುದೂ ಇದಕ್ಕೇ. ಸಮ್ಯಕ್ ಸಮಾಧಿಯೊಂದು ಸಾಕು, ಮಾತು ಹೇಗಿದ್ದರೂ ನಡೆಯುತ್ತದೆ ಎನ್ನುವವರಿದ್ದಾರೆ. ಬೆಳಿಗ್ಗೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂತು, ಹತ್ತು ಗಂಟೆಗೆ ಕಚೇರಿಯಲ್ಲಿ ಸುಳ್ಳು ಲೆಕ್ಕ ಬರೆದರೆ, ಅದು ಹೊಸ ಎಂಜಿನ್‌ಗೆ ಹಳೆಯ ಬ್ರೇಕ್ ಹಾಕಿದಂತೆ.

ಇಷ್ಟು ಕೇಳಿದ ಮೇಲೆ ಹೊಸಬನಿಗೆ ಎದೆಗುಂದುವುದು ಸಹಜ. ಎಲ್ಲವೂ ಎಲ್ಲದಕ್ಕೂ ಅಂಟಿಕೊಂಡಿದ್ದರೆ ಶುರು ಮಾಡುವುದು ಎಲ್ಲಿಂದ? ಹುಡುಗನೂ ಇದನ್ನೇ ಕೇಳಿದ. ಮೇಸ್ತ್ರಿ ಅವನ ಕೈಗೆ ಕೊಟ್ಟದ್ದು ಸ್ಪ್ಯಾನರ್ ಅಲ್ಲ, ಒಂದು ರೋಲ್ ಕಾಗದದ ಟೇಪು ಮತ್ತು ಪೆನ್ನು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚು. ಆಮೇಲೆ ಬಿಚ್ಚುವ ಪ್ರತಿಯೊಂದು ವೈರಿನ ಎರಡು ತುದಿಗೂ ಟೇಪು ಸುತ್ತಿ ಹೆಸರು ಬರೆ. ಬಿಚ್ಚುವ ಮುಂಚೆ ಫೋಟೋ ತೆಗೆ. ಒಂದೊಂದು ಜಾಗದ ಬೋಲ್ಟುಗಳಿಗೆ ಒಂದೊಂದು ಡಬ್ಬಿ. ಎರಡು ವಾರ ಹುಡುಗ ಮಾಡಿದ್ದು ಇಷ್ಟೇ. ಇದು ಯಾವ ಎಂಜಿನ್ ಕೆಲಸ ಎಂದು ಅವನ ಗೆಳೆಯರು ನಕ್ಕರು.

ಸತಿ ಎಂದರೆ ಇದೇ ಅಲ್ಲವೇ? ಸತಿಪಟ್ಠಾನದಲ್ಲಿ ಬುದ್ಧರು ಹೇಳಿದ ಅಭ್ಯಾಸ ಬಹಳ ಸರಳ. ಉಸಿರು ದೀರ್ಘವಾಗಿದ್ದರೆ ದೀರ್ಘ ಎಂದು ತಿಳಿ, ಮನಸ್ಸಿನಲ್ಲಿ ದ್ವೇಷವಿದ್ದರೆ ದ್ವೇಷವಿದೆ ಎಂದು ತಿಳಿ. ಅಂದರೆ ಬಿಚ್ಚುವ ಮುಂಚೆ ಹೆಸರು ಬರೆ. ಹೆಸರಿಲ್ಲದ ವೈರುಗಳ ರಾಶಿ ಕಂಡರೆ ಭಯವಾಗುತ್ತದೆ. ಹೆಸರು ಬರೆದ ಮೇಲೆ ಅದು ಬರೀ ಕೆಲಸ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದೆ ಎಂಬುದು ಎದೆಗುಂದಿಸುವ ಸುದ್ದಿಯಂತೆ ಕಾಣುತ್ತದೆ, ನಿಜದಲ್ಲಿ ಸಮಾಧಾನದ ಸುದ್ದಿ. ಯಾವ ಕೊಂಡಿಯಿಂದ ಶುರು ಮಾಡಿದರೂ ಉಳಿದವುಗಳಿಗೆ ದಾರಿ ಸಿಗುತ್ತದೆ.

ಗೇರ್‌ಬಾಕ್ಸನ್ನು ಎಂಜಿನ್‌ಗೆ ಸೇರಿಸುವ ದಿನ ಇನ್ನೊಂದು ಪಾಠ. ಕ್ಲಚ್ ಪ್ಲೇಟ್ ನಟ್ಟನಡುವೆ ಕೂತಿಲ್ಲದಿದ್ದರೆ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದಿಲ್ಲ. ಒಂದಿಷ್ಟು ಸಂದು ಉಳಿದಿರುತ್ತದೆ. ಬೋಲ್ಟ್ ಹಾಕಿ ಬಿಗಿದರೆ ಎಳೆದುಕೊಳ್ಳುತ್ತದೆ ಎಂದು ಹೊಸಬರಿಗೆ ಅನ್ನಿಸುತ್ತದೆ. ಹಾಗೆ ಬಿಗಿದರೆ ಒಡೆಯುವುದು ಬೆಲೆಬಾಳುವ ಭಾಗವೇ. ಹಿಂದಕ್ಕೆ ತೆಗೆದು, ಪ್ಲೇಟನ್ನು ಮತ್ತೆ ನಡುವಿಗೆ ತಂದರೆ ಅದೇ ಶಾಫ್ಟ್ ಕೈಯ ಬಲಕ್ಕೇ ಜಾರಿ ಒಳಹೋಗುತ್ತದೆ. ಕಾಲು ಒಡೆದು ರಕ್ತ ಬರುವಷ್ಟು ಚಂಕ್ರಮಣ ಮಾಡಿದ ಸೋಣ ಭಿಕ್ಖುವಿಗೆ ಬುದ್ಧರು ವೀಣೆಯ ತಂತಿಯನ್ನು ನೆನಪಿಸಿದ್ದು ನಿಮಗೆಲ್ಲ ಗೊತ್ತು. ತೀರಾ ಬಿಗಿಯೂ ನಾದ ಕೊಡದು, ತೀರಾ ಸಡಿಲವೂ ಕೊಡದು. ಸಮ್ಯಕ್ ವ್ಯಾಯಾಮದಲ್ಲಿ ಬಲಕ್ಕಿಂತ ಹೊಂದಾಣಿಕೆ ಹೆಚ್ಚು.

ಶೀಲದ ಮಾತೂ ಇಲ್ಲಿದೆ. ಗುಜರಿಯಲ್ಲಿ ಕಾಗದಪತ್ರ ಇಲ್ಲದ ಎಂಜಿನ್ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಯಾರೋ ಹುಡುಗನಿಗೆ ಆಸೆ ಹಚ್ಚಿದರು. ಎಂಜಿನ್ ನಂಬರ್ ಆರ್‌.ಸಿ.ಯಲ್ಲಿ ಇರುತ್ತದೆ. ಅದು ಬದಲಾಗುವಾಗ ಆರ್‌ಟಿಒ ಒಪ್ಪಿಗೆ ಬೇಕು, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರುವುದೇ ಇಂಥ ಬದಲಾವಣೆಗಳ ಬಗ್ಗೆ. ಆ ಎಂಜಿನ್ ಯಾರದೋ ಕದ್ದ ಗಾಡಿಯದಾಗಿದ್ದರೆ? ಎರಡನೆಯ ಶೀಲ ಹೋಯಿತು. ನಂಬರ್ ಮುಚ್ಚಿಟ್ಟರೆ ನಾಲ್ಕನೆಯದೂ ಹೋಯಿತು. ಸೊಂಟಕ್ಕೆ ಕಟ್ಟಿದ ಸರಪಳಿಯಂತೆ ಒಂದು ಸುಳ್ಳು ಇನ್ನೊಂದನ್ನು ಎಳೆಯುತ್ತದೆ. ಹುಡುಗ ಬಿಲ್ ಕೊಡುವ ಕಡೆಯಿಂದಲೇ ಕೊಂಡ. ಹಣ ಹೊಂದಿಸಲು ಮೂರು ತಿಂಗಳು ಕಾಯ್ದ. ಕಾಯುವುದೂ ಕೆಲಸದ ಒಂದು ಭಾಗವೇ.

ಇನ್ನು ಎಲ್ಲಕ್ಕಿಂತ ಕಷ್ಟದ ವಿಷಯ. ಅಕ್ಕನಿಗೆ ಇದು ಯಾವುದೂ ಬೇಕಿರಲಿಲ್ಲ. ಒಂದು ಸಂಜೆ ನನ್ನೊಡನೆ ಹೇಳಿಕೊಂಡಳು. "ಕೆಳಗಿನ ತಿರುವಿನಲ್ಲಿ ಆ ಎಂಜಿನ್ ಸದ್ದು ಕೇಳಿದ್ರೆ ಒಲೆ ಮೇಲೆ ಕಾಫಿಗೆ ನೀರಿಡ್ತಿದ್ದೆ ಕಣೇ. ಎಷ್ಟು ಗಾಡಿ ಬಂದ್ರೂ ಅದರ ಸದ್ದು ಗೊತ್ತಾಗ್ತಿತ್ತು. ಎಂಜಿನ್ ತೆಗೆದ್ಮೇಲೆ ಅದು ಅವರ ಗಾಡಿ ಹೆಂಗಾಗುತ್ತೆ?"

ಇದಕ್ಕೆ ನನ್ನ ಬಳಿ ಸ್ವಂತ ಉತ್ತರವಿರಲಿಲ್ಲ. *ಮಿಲಿಂದ ಪಞ್ಹ*ದಲ್ಲಿ ಇದೆ. ರಥದಲ್ಲಿ ಬಂದ ಗ್ರೀಕ್ ಅರಸ ಮಿಲಿಂದನನ್ನು ಭಿಕ್ಖು ನಾಗಸೇನ ಕೇಳುತ್ತಾನೆ: ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಪ್ರತಿಯೊಂದಕ್ಕೂ ಅರಸ ಅಲ್ಲ ಎನ್ನುತ್ತಾನೆ. ಹಾಗಾದರೆ ರಥ ಎಲ್ಲಿದೆ? ಇವೆಲ್ಲ ಕೂಡಿದಾಗ ನಾವು ಇಟ್ಟ ಹೆಸರು ರಥ ಎಂಬಲ್ಲಿಗೆ ಮಾತು ಬರುತ್ತದೆ. ಇದೇ ಹೋಲಿಕೆಯನ್ನು ವಜಿರಾ ಭಿಕ್ಖುಣಿಯ ಬಾಯಲ್ಲಿ ಸಂಯುತ್ತ ನಿಕಾಯದಲ್ಲೂ ಕಾಣುತ್ತೇವೆ. ಮುಂದೆ ನಾಗಸೇನ ದೀಪದ ಉದಾಹರಣೆ ಕೊಡುತ್ತಾನೆ. ರಾತ್ರಿಯಿಡೀ ಉರಿದ ದೀಪದಲ್ಲಿ ಮೊದಲ ಜಾವದ ಉರಿಯೂ ಕೊನೆಯ ಜಾವದ ಉರಿಯೂ ಒಂದೇ ಅಲ್ಲ, ಆದರೆ ಬೇರೆ ದೀಪವೂ ಅಲ್ಲ.

ನಾನು ಇದನ್ನು ಅಕ್ಕನಿಗೆ ಪಾಠದಂತೆ ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದೆ: "ಭಾವ ಇದ್ದಾಗ ಆ ಗಾಡಿಗೆ ಏನೇನು ಬದಲಿಸಿದ್ರು?" ಅವಳು ನೆನಪಿಸಿಕೊಂಡು ಎಣಿಸತೊಡಗಿದಳು. ಟೈರು ಎಷ್ಟು ಸಲವೋ. ಹುಡ್ ಎರಡು ಸಲ. ಕ್ಲಚ್ ಪ್ಲೇಟು, ಬ್ಯಾಟರಿ, ಸೈಲೆನ್ಸರ್. ಸೀಟು ಹರಿದಾಗ ತಾನೇ ಹೊಲಿದುಕೊಟ್ಟದ್ದು. ಎಣಿಸುತ್ತಾ ಎಣಿಸುತ್ತಾ ತಾನೇ ಸುಮ್ಮನಾದಳು. ಅವಳು ಪ್ರೀತಿಸಿದ ಗಾಡಿ ಯಾವತ್ತೂ ಬದಲಾಗುತ್ತಲೇ ಇತ್ತು.

ಕಳೆದ ತಿಂಗಳು ಹೊಸ ಎಂಜಿನ್ ಮೊದಲ ಸಲ ಮಾತಾಡಿತು. ಅಕ್ಕ ಬಾಗಿಲಲ್ಲಿ ನಿಂತು ಕೇಳಿ, "ಸದ್ದು ಬೇರೆ" ಎಂದಳು. ಹುಡುಗ "ಹೌದಮ್ಮ, ಬೇರೆ" ಎಂದ. ಒಂದೇ ಎಂದು ಸುಳ್ಳು ಸಮಾಧಾನ ಹೇಳಲಿಲ್ಲ. ಅವಳು ಅತ್ತಳು, ಆಮೇಲೆ ಒಳಗೆ ಹೋದಳು. ಅನಿತ್ಯವನ್ನು ಒಪ್ಪಿದವರಿಗೆ ಕಣ್ಣೀರು ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. ಅಳು ಬರುತ್ತದೆ, ಅದರ ಜೊತೆಗೆ ಹಿಡಿತ ಸಡಿಲವಾಗುತ್ತದೆ. ಆರ್‌ಟಿಒ ಕೆಲಸ ಇನ್ನೂ ಬಾಕಿ ಇದೆ, ಗಾಡಿ ಅಂಗಳದಲ್ಲೇ ಇದೆ. ಮುಂದಿನ ಮಳೆಗಾಲದಲ್ಲಿ ಯಾರ ಮನೆಯ ರೋಗಿಯನ್ನಾದರೂ ಅದು ಆಸ್ಪತ್ರೆಗೆ ಮುಟ್ಟಿಸಿದರೆ, ಭಾವನಿಂದ ಉಳಿದು ಬಂದದ್ದು ಅದೇ. ಅದು ಯಾವ ಬ್ಲಾಕಿನಲ್ಲೂ ಇರಲಿಲ್ಲ, ಸೀಳಿಹೋಗುವುದೂ ಇಲ್ಲ.

*ಇಂದಿನ ಅಭ್ಯಾಸ:*

ನಿಮ್ಮ ಬದುಕಿನಲ್ಲಿ "ಇದೊಂದು ಬದಲಾದರೆ ಸಾಕು" ಎಂದು ನೀವು ಅಂದುಕೊಂಡಿರುವುದನ್ನು ಒಂದು ಹಾಳೆಯ ನಡುವೆ ಬರೆಯಿರಿ.

ಅದಕ್ಕೆ ಯಾವ ಯಾವ ವೈರು, ಪೈಪು ಬಂದು ಸೇರುತ್ತವೆ ನೋಡಿ, ಸುತ್ತ ಬರೆಯಿರಿ: ನಿದ್ದೆ, ಊಟ, ಹಣ, ಜೊತೆಗಾರರು, ಮಾತು, ಹಳೆಯ ನೋವು.

ಇವತ್ತು ಯಾವುದನ್ನೂ ಬಿಚ್ಚಲು ಹೋಗಬೇಡಿ. ಹೆಸರು ಬರೆದಿಟ್ಟರೆ ಸಾಕು. ನಾಳೆ ಅವುಗಳಲ್ಲಿ ತೀರಾ ಚಿಕ್ಕದೊಂದಕ್ಕೆ ಕೈ ಹಾಕಿ. ಬಿಗಿಯಾಗಿ ಕೂತಿದ್ದರೆ ಬಲ ಹಾಕಬೇಡಿ, ನಡುವಿಗೆ ಬಂದಿದೆಯೇ ಎಂದು ಮತ್ತೆ ನೋಡಿ.

ಎಲ್ಲ ಜೀವಿಗಳಿಗೂ ಒಳಿತಾಗಲಿ.
ಭವತು ಸಬ್ಬ ಮಂಗಳಂ 🙏🪷