ಪಾಳಿಯಲ್ಲಿ ನಿಂತವರಿಗೆ ಏನು ಹೇಳುವುದು?

ಡಿಸೆಂಬರ್ ರಜೆಗೆ ಮಕ್ಕಳನ್ನು ಥೀಮ್ ಪಾರ್ಕಿಗೆ ಕರೆದೊಯ್ಯಬೇಕು. ಪುಣೆಯಲ್ಲಿರುವ ನಮಗೆ ಖೋಪೋಲಿಯ ಇಮ್ಯಾಜಿಕಾ ಹತ್ತಿರ. ಊರಿಗೆ ಹೋದವರು ಹಾಗೇ ಬೆಂಗಳೂರಿನ ತನಕ ಹೋಗುವುದಾದರೆ ಬಿಡದಿ ಬಳಿಯ ವಂಡರ್‌ಲಾ. ಮಗಳಿಗೆ ಎಂಟು, ಮಗನಿಗೆ ನಾಲ್ಕು. ವರ್ಷಗಟ್ಟಲೆ ಪ್ರಾಜೆಕ್ಟ್ ಪ್ಲಾನ್ ಮಾಡಿದ ಕೈ ಸುಮ್ಮನಿರುವುದಿಲ್ಲ. ಇದಕ್ಕೂ ಒಂದು ಎಕ್ಸೆಲ್ ಹಾಳೆ ತೆರೆದಿದ್ದೇನೆ. ಹೋಗುವ ದಿನ, ಊಟ, ಬದಲಿ ಬಟ್ಟೆ, ಯಾವ ರೈಡಿಗೆ ಎಷ್ಟು ಎತ್ತರ ಬೇಕು ಎಲ್ಲ ತುಂಬಿದೆ. ಒಂದು ಕಾಲಮ್ ಮಾತ್ರ ಎರಡು ವಾರದಿಂದ ಖಾಲಿ: 'ಎಕ್ಸ್‌ಪ್ರೆಸ್ ಟಿಕೆಟ್, ಹೌದೋ ಅಲ್ಲವೋ?'

ಹೆಚ್ಚು ದುಡ್ಡು ಕೊಟ್ಟವರನ್ನು ಬೇರೆ ಸಾಲಿನಿಂದ ಬೇಗ ರೈಡ್ ಹತ್ತಿಸುವ ಟಿಕೆಟ್ ಅದು. ಹೋದ ವರ್ಷ ಒಂದು ಪಾರ್ಕಿನಲ್ಲಿ ನಾವು ಕೊಂಡಿದ್ದೆವು. ಮೂರನೆಯ ರೈಡಿನ ಹೊತ್ತಿಗೆ ಮಗಳು ನನ್ನ ಅಂಗಿ ಜಗ್ಗಿದಳು.

"ಅಪ್ಪಾ, ಆ ಹಳದಿ ಫ್ರಾಕಿನ ಹುಡುಗಿ ನಮಗಿಂತ ಮೊದಲ ಬಂದಾಳಲ್ಲ? ನಾವ್ಯಾಕ ಮುಂದ ಹೊಂಟೀವಿ?"

"ನಾವು ಜಾಸ್ತಿ ರೊಕ್ಕಾ ಕೊಟ್ಟೀವಿ, ಪುಟ್ಟಿ."

"ಹಂಗಂತ ಆಕಿಗೆ ಹೇಳ್ತೀಯೇನು?"

ಅಷ್ಟರಲ್ಲಿ ಸೀಟಿನ ಬೆಲ್ಟ್ ಬಿಗಿದರು. ನಾನು ಬಚಾವಾದೆ.

ಅದೇ ದಿನ ಬೆಳಿಗ್ಗೆ ಒಂದು ದೊಡ್ಡ ರೈಡಿನ ಬಾಗಿಲಲ್ಲಿ ಅವಳನ್ನು ಎತ್ತರದ ಗೆರೆಯ ಪಕ್ಕ ನಿಲ್ಲಿಸಿ, ಎರಡು ಬೆರಳು ಕಡಿಮೆ ಎಂದು ವಾಪಸ್ ಕಳಿಸಿದ್ದರು. ಮುಖ ಸಣ್ಣದು ಮಾಡಿಕೊಂಡಳು, ಆದರೆ ಜಗಳ ತೆಗೆಯಲಿಲ್ಲ. ಆ ಗೆರೆ ಎಲ್ಲ ಮಕ್ಕಳಿಗೂ ಒಂದೇ ಎಂದು ಅವಳಿಗೆ ಅರ್ಥವಾಗಿತ್ತು. ಎರಡು ಬೆರಳು ಎತ್ತರವನ್ನು ಯಾವ ಕೌಂಟರಿನಲ್ಲೂ ಮಾರುವುದಿಲ್ಲ. ತನಗೆ ನಷ್ಟ ಮಾಡಿದ ನಿಯಮವನ್ನು ಒಪ್ಪಿಕೊಂಡ ಹುಡುಗಿಗೆ, ತನಗೆ ಲಾಭ ಮಾಡಿದ ನಿಯಮ ಸರಿಕಾಣಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ.

ಎಂ.ಟೆಕ್.ನಲ್ಲಿ ಕ್ಯೂಯಿಂಗ್ ಥಿಯರಿ ಓದಿದ್ದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕರೆಗಳ ಲೆಕ್ಕ ಹಾಕುತ್ತ ಎರ್ಲಾಂಗ್ 1909ರಲ್ಲಿ ಶುರುಮಾಡಿದ ಶಾಸ್ತ್ರ. ಮುಂದೆ 1965ರಲ್ಲಿ ಲಿಯೊನಾರ್ಡ್ ಕ್ಲೈನ್‌ರಾಕ್ ಅದರಲ್ಲೊಂದು ನಿಯಮ ತೋರಿಸಿದರು. ಸರಳವಾಗಿ ಹೇಳಿದರೆ, ಕೆಲಸದ ವೇಗ ಅಷ್ಟೇ ಇದ್ದು ಕೆಲವರನ್ನು ಮುಂದೆ ಕಳಿಸಿದರೆ ಒಟ್ಟು ಕಾಯುವಿಕೆ ಕರಗುವುದಿಲ್ಲ, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ. 24 ಸೀಟಿನ ರೈಡ್ ಮೂರು ನಿಮಿಷಕ್ಕೊಮ್ಮೆ ಹೊರಡುತ್ತದೆ ಎನ್ನಿ. ನಿಮ್ಮ ಮುಂದೆ 320 ಜನರಿದ್ದರೆ 40 ನಿಮಿಷ ಕಾಯಬೇಕು. ಅರ್ಧ ಸೀಟು ಎಕ್ಸ್‌ಪ್ರೆಸ್‌ನವರಿಗೆ ಹೋದರೆ ಅದೇ ಜಾಗದಲ್ಲಿ ನಿಂತವರಿಗೆ 80 ನಿಮಿಷ. ನಾನು ಉಳಿಸಿದೆ ಎಂದುಕೊಂಡ ಹೊತ್ತನ್ನು ಹಳದಿ ಫ್ರಾಕಿನ ಹುಡುಗಿ ನಿಂತು ತೀರಿಸಿದಳು.

ರೈಲಿನಲ್ಲಿ ಎಸಿ ಬೋಗಿಗೆ ಹೆಚ್ಚು ಕೊಡುವುದಿಲ್ಲವೇ, ಎನ್ನಬಹುದು. ಆದರೆ ನಾನು ಎಸಿಯಲ್ಲಿ ಮಲಗಿದ್ದಕ್ಕೆ ಸ್ಲೀಪರಿನವರು ಮುಂಬೈಗೆ ತಡವಾಗಿ ಮುಟ್ಟುವುದಿಲ್ಲ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 1999ರಲ್ಲಿ ಬಂದ ಫಾಸ್ಟ್‌ಪಾಸ್ ಒಳಗೆ ಬಂದವರಿಗೆಲ್ಲ ಪುಕ್ಕಟೆ ಸಿಗುತ್ತಿತ್ತು. ಅದರ ಜಾಗಕ್ಕೆ 2021ರಲ್ಲಿ ದುಡ್ಡಿನ ವ್ಯವಸ್ಥೆ ಬಂತು. ಹೆಚ್ಚು ಕೊಡುವವರಿಂದಲೇ ಉಳಿದವರ ಟಿಕೆಟ್ ಅಗ್ಗವಾಗುತ್ತದೆ ಎಂಬ ವಾದವೂ ಇದೆ. ಇರಬಹುದು. ಹಾಗಿದ್ದರೆ ಪ್ರತಿ ಸುತ್ತಿನಲ್ಲಿ ಎಷ್ಟು ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಸಾದಾ ಟಿಕೆಟ್ಟಿನ ಕಿಟಕಿಯಲ್ಲೇ ಬರೆಯಲಿ. ಕೊಳ್ಳುವವರು ತಿಳಿದು ಕೊಳ್ಳುತ್ತಾರೆ.

ಸಾಲು ತಪ್ಪಿಸುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ನಮ್ಮ ಧಾರವಾಡದ ಕಡೆ ಸಾಲಿಗೂ ಪಾಳಿ, ಸರದಿಗೂ ಪಾಳಿ, ಎರಡಕ್ಕೂ ಒಂದೇ ಮಾತು. ನಾನು ಸಣ್ಣವನಿದ್ದಾಗ ರೇಷನ್ ಅಂಗಡಿಯ ಮುಂದೆ ಅವ್ವ ಚಿಮಣಿ ಎಣ್ಣಿಯ ಡಬ್ಬಿ ಇಟ್ಟು ಮನೆಗೆ ಬಂದು ಒಲೆ ಹೊತ್ತಿಸುತ್ತಿದ್ದಳು. ಡಬ್ಬಿಯನ್ನು ಯಾರೂ ಸರಿಸುತ್ತಿರಲಿಲ್ಲ, ಅದು ಅವಳ ಪಾಳಿ. ಆದರೆ ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸು ಬಂದರೆ ನಿಂತವರೇ "ನೀ ಮುಂದ ಹೋಗವಾ" ಎನ್ನುತ್ತಿದ್ದರು. ಅವಳೂ ಪಾಳಿ ಬಿಟ್ಟೇ ಹೋದಳು, ಆದರೆ ಕಾಯುವವರೇ ಕಳಿಸಿದ್ದರು. ಮುಂದೆ ಹೋಗುವ ಕಾರಣವನ್ನು ಹಿಂದೆ ನಿಂತವರ ಮುಖ ನೋಡಿ ಹೇಳಲು ಬರಬೇಕು. ಮಗಳು ಕೇಳಿದ್ದು ಇಷ್ಟನ್ನೇ. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ಪ್ರವೇಶದ ಟಿಕೆಟ್ ಹಿಡಿದು ನಾನೂ ಹೋಗಿದ್ದೇನೆ. ಪುಕ್ಕಟೆ ಸಾಲಿಗೆ ಧರ್ಮದರ್ಶನ ಎಂಬ ಹೆಸರಿರುವುದು ಆಗ ಮನಸ್ಸಿಗೆ ತಟ್ಟಿರಲಿಲ್ಲ.

ಇದನ್ನೆಲ್ಲ ಹೇಳಿದಾಗ ಹೆಂಡತಿ ಸೊಪ್ಪು ಸೋಸುತ್ತ ಕೇಳಿದಳು: "ನಾಕು ವರ್ಷದ ಹುಡುಗ ಒಂದು ತಾಸು ಪಾಳಿ ಹಚ್ಚಿ ನಿಂದರ್ತಾನೇನ್ರಿ? ನಿಮ್ಮ ತತ್ವಕ್ಕ ಅವನ ಕಾಲ್ಯಾಕ ನೋಯಿಸ್ತೀರಿ?"

ಅವಳ ಮಾತು ಸುಳ್ಳಲ್ಲ. ತತ್ವ ನನ್ನದು, ಕಾಲು ಅವನದು. ಆಫೀಸಿನಲ್ಲಿ ಸಮಯ ಸಾಲದಿದ್ದರೆ ದುಡ್ಡು ಕೇಳುತ್ತೇವೆ. ದುಡ್ಡೂ ಬೇಡವೆಂದರೆ ಕೆಲಸ ಕಡಿಮೆ ಮಾಡುತ್ತೇವೆ. ಹಾಗೇ ಮಾಡಿದೆ. ಹನ್ನೆರಡು ರೈಡಿನ ಪಟ್ಟಿಯನ್ನು ಐದಕ್ಕೆ ಇಳಿಸಿದೆ. ಬಾಗಿಲು ತೆರೆಯುವ ಹೊತ್ತಿಗೇ ತಲುಪಿ, ಮಗಳಿಗೆ ಬಹಳ ಬೇಕಾದದ್ದನ್ನು ಮೊದಲು ಮುಗಿಸುವುದು. ನಮ್ಮಿಬ್ಬರಲ್ಲಿ ಒಬ್ಬರು ಮಗನ ಜತೆ ನೆರಳಲ್ಲಿ ಕೂರುವುದು.

ಐದು ರೈಡ್ ಎಂದಾಗ ಮಗಳು ಮುಖ ಊದಿಸಿದಳು. ಎಕ್ಸ್‌ಪ್ರೆಸ್ ತೊಗೊಂಡರೆ ಹನ್ನೆರಡೂ ಆಗುತ್ತವೆ, ಏನು ಮಾಡೋಣ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಹೇಳಿದಳು: "ಏಳು ಮಾಡಪ್ಪಾ. ನಾ ನಿಂದರ್ತೀನಿ."

ಕಾಲಮ್ಮಿನಲ್ಲಿ 'ಇಲ್ಲ' ಎಂದು ಬರೆದಿದ್ದೇನೆ. ರೈಡ್ ಏಳಾಗಿವೆ.