ತಿದ್ದುವ ಮುನ್ನ

ಕಾಶಿಗೆ ಹೋಗಿ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಕಾಶಿಯಲ್ಲಿ ಸಂಸಾರ ಹೂಡಿದವರು ಕಡಿಮೆ. ಗಂಗಾಸ್ನಾನ, ವಿಶ್ವನಾಥನ ದರ್ಶನ ಮುಗಿಸಿ ಮೂರು ದಿನದಲ್ಲಿ ರೈಲು ಹತ್ತುವವರಿಗೆ ಭಾಷೆಯ ಚಿಂತೆ ಅಷ್ಟಾಗಿ ಕಾಡುವುದಿಲ್ಲ. ಹನುಮಾನ್ ಘಾಟ್, ಕೇದಾರ ಘಾಟ್‌ಗಳ ಸುತ್ತಮುತ್ತ ದಕ್ಷಿಣದ ಮಾತುಗಳು ಕಿವಿಗೆ ಬೀಳುತ್ತವೆ. ಜಂಗಮವಾಡಿ ಮಠದಲ್ಲಿ ಕನ್ನಡದಲ್ಲೇ ಕುಶಲ ವಿಚಾರಿಸುವವರು ಸಿಗುತ್ತಾರೆ. ಆದರೆ ನಮ್ಮವರ ವರ್ಗಾವಣೆಯಿಂದಾಗಿ ಆ ಊರು ಸೇರಿದ ನಾವು, ಅಲ್ಲೊಂದು ಶಿಶುವಿಹಾರದ ಹೊಸ ಉಪಾಧ್ಯಾಯಿನಿಯಾಗಿ ನಿಲ್ಲಬೇಕಾಯಿತು. ಮೂರು ನಾಲ್ಕು ವರ್ಷದ ಮಕ್ಕಳ ಮುಂದೆ ಯಾತ್ರಿಕರ ಹಿಂದಿ ಸಾಲದು.

ನಮ್ಮದು ಪರೀಕ್ಷೆಯ ಹಿಂದಿ. ಊರಿನಲ್ಲಿ ಕಂಠಪಾಠ ಮಾಡಿ, ಪ್ರಮಾಣಪತ್ರ ಪಡೆದದ್ದು. ಹೊಸ ಊರಿನಲ್ಲಿ ತರಕಾರಿಯವನೊಡನೆ ತಡವರಿಸಿದ ನಾಲಿಗೆಗೆ, ತರಗತಿಯಲ್ಲಿ ಮಾತ್ರ ತಾನು ಬಲ್ಲವಳೆಂಬ ಧೈರ್ಯ. ಏಪ್ರಿಲಿನ ಒಂದು ಬಿಸಿಲ ದಿನ ಪುಟ್ಟ ಹುಡುಗನೊಬ್ಬ ಬಂದು, "ಹಮ್ ಪಾನಿ ಪಿಯೇಂಗೇ" ಎಂದ. ‘ಹಮ್’ ಎಂದರೆ ನಾವು; ಎದುರಿಗಿದ್ದವನು ಒಬ್ಬನೇ. "ಹಾಗಲ್ಲ ಮಗು, ‘ಮೈಂ ಪಾನಿ ಪಿಯೂಂಗಾ’ ಅನ್ನಬೇಕು" ಎಂದು ತಿದ್ದಿದೆವು. ಅವನು ನಮ್ಮ ಮುಖ ನೋಡಿದ. ಹಿಂದಿರುಗಿ ಹೋಗಿ ತನ್ನ ಜಾಗದಲ್ಲಿ ಕುಳಿತ. ಇನ್ನೊಂದು ಮಗು ಅಳತೊಡಗಿದ್ದರಿಂದ ನಾವು ಅತ್ತ ತಿರುಗಿದೆವು. ಮರುದಿನ ಅವನ ತಾಯಿ ಬಂದು, "ನಿನ್ನೆ ಮನೆಗೆ ಬಂದವನೇ ಎರಡು ಲೋಟ ನೀರು ಗಟಗಟನೆ ಕುಡಿದ. ಇಲ್ಲಿ ನೀರು ಕೊಡುವುದಿಲ್ಲವೇ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಕೊಡುವುದು ನಮಗೆ ಸುಲಭವಾಗಲಿಲ್ಲ.

ಪುಸ್ತಕದ ಪ್ರಕಾರ ನಾವು ಹೇಳಿದ್ದು ಸರಿಯೇ. ಆದರೆ ಕಾಶಿಯ ಎಷ್ಟೋ ಮನೆಗಳ ಮಾತು ಭೋಜಪುರಿ. ಅದರಲ್ಲಿ ಒಬ್ಬನೇ ತನ್ನನ್ನು ಕುರಿತು ಹೇಳುವಾಗಲೂ ‘ಹಮ್’ ಎನ್ನುತ್ತಾನೆ. ಅಲ್ಲಿಯ ಜನರ ಹಿಂದಿಯಲ್ಲೂ ಅದು ಉಳಿದುಬಂದಿದೆ. ಮಗುವಿಗೆ ಅದು ಅಜ್ಜಿಯ ಬಾಯಿಂದ ಬಂದ ಮಾತು. ಒಬ್ಬರೇ ಕುಳಿತು ಬರೆಯುತ್ತ ‘ನಾವು’ ‘ನಾವು’ ಎನ್ನುವ ನಮಗೆ ಅದು ತಪ್ಪೆಂದು ತೋರಿದ್ದು ವಿಚಿತ್ರವೇ ಸರಿ!

ಆ ಊರಿನ ಸ್ವಾರಸ್ಯ ನೋಡಿ. ಆಧುನಿಕ ಹಿಂದಿಗೆ ರೂಪ ಕೊಟ್ಟವರಲ್ಲಿ ಪ್ರಮುಖರಾದ ಭಾರತೇಂದು ಹರಿಶ್ಚಂದ್ರರು 1850ರಲ್ಲಿ ಹುಟ್ಟಿದ್ದು ಕಾಶಿಯಲ್ಲಿ. ಹಿಂದಿಯ ಬೃಹತ್ ನಿಘಂಟನ್ನು ಹೊರತಂದ ನಾಗರೀ ಪ್ರಚಾರಿಣೀ ಸಭಾ 1893ರಲ್ಲಿ ಸ್ಥಾಪನೆಯಾದದ್ದೂ ಅಲ್ಲೇ. ಗ್ರಾಂಥಿಕ ಹಿಂದಿಯ ತವರಿನಲ್ಲೇ ಗಲ್ಲಿಯ ಮಾತು ಬೇರೆ. 2011ರ ಜನಗಣತಿಯಲ್ಲಿ ಭೋಜಪುರಿ ನಮ್ಮ ತಾಯಿನುಡಿ ಎಂದವರು 5 ಕೋಟಿಗೂ ಹೆಚ್ಚು. ಅವರನ್ನೆಲ್ಲ ಹಿಂದಿಯ ಲೆಕ್ಕದಲ್ಲೇ ಸೇರಿಸಲಾಗಿದೆ.

ಹಾಗಾದರೆ ಮಗುವನ್ನು ತಿದ್ದಲೇಬಾರದೇ? ಹೀಗೆಂದುಬಿಡುವುದೂ ಸುಲಭದ ಔದಾರ್ಯ. ಮುಂದೆ ಅವನು ಪರೀಕ್ಷೆ ಬರೆಯಬೇಕು, ಅರ್ಜಿ ಹಾಕಬೇಕು, ನೌಕರಿ ಹುಡುಕಬೇಕು. ಅಲ್ಲಿ ಯಾರೂ ಅವನ ಅಜ್ಜಿಯ ಮಾತಿಗೆ ಅಂಕ ಕೊಡುವುದಿಲ್ಲ. "ಒಳ್ಳೆಯ ಹಿಂದಿ ಬರಲಿ ಅಂತಲೇ ನಿಮ್ಮಲ್ಲಿಗೆ ಕಳಿಸುತ್ತೇವೆ" ಎಂದು ಆ ತಾಯಿಯೂ ಹೇಳಿದಳು. ಗ್ರಾಂಥಿಕ ಭಾಷೆಯನ್ನು ಕಲಿತು ಅದರ ಫಲವುಂಡ ನಾವು, ಬಡವರ ಮಕ್ಕಳಿಗೆ ಮನೆಮಾತೇ ಸಾಕೆಂದರೆ ಅದು ನ್ಯಾಯವಲ್ಲ.

ಕಲಿಸಬೇಕು, ನಿಜ. ಆದರೆ ಯಾವಾಗ, ಹೇಗೆ ಎಂಬುದರಲ್ಲಿಯೇ ಧರ್ಮಸೂಕ್ಷ್ಮವಿದೆ. ಮಾರಿಯಾ ಮಾಂಟೆಸೊರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟಾಗ ಅವರ ಉಪನ್ಯಾಸ ಇಟಾಲಿಯನ್ ಭಾಷೆಯಲ್ಲಿ. ಮಗ ಮಾರಿಯೊ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. ಪರಭಾಷೆಯ ನೆಲದಲ್ಲಿ ನಿಂತು ಆಕೆ ಕಲಿಸಿದ್ದು ಮುಖ್ಯವಾಗಿ ಒಂದನ್ನು: ಮೊದಲು ಮಗುವನ್ನು ಗಮನಿಸಿ. ನಾವು ಅಂದು ವಾಕ್ಯವನ್ನು ಗಮನಿಸಿದೆವು, ಬಾಯಾರಿಕೆಯನ್ನು ಗಮನಿಸಲಿಲ್ಲ. ಮಗು ಕೇಳಿದ್ದು ನೀರು, ಕೊಟ್ಟದ್ದು ವ್ಯಾಕರಣ.

ಅದಾದ ಮೇಲೆ ಕ್ರಮ ಬದಲಾಯಿಸಿದೆವು. ಮೊದಲು ನೀರು. ಲೋಟ ಕೊಡುವಾಗ, "ನಾನೂ ಕುಡಿಯುತ್ತೇನೆ" ಎಂಬುದನ್ನು ನಮ್ಮ ಪುಸ್ತಕದ ಹಿಂದಿಯಲ್ಲಿ ಹೇಳುತ್ತೇವೆ. ಕಿವಿಗೆ ಬಿದ್ದದ್ದು ತಾನಾಗಿ ನಾಲಿಗೆಗೆ ಬರಲಿ. ತಿಳಿಯದ ಮಾತಿಗೆ "ಅಂದರೇನು, ಹೇಳಿಕೊಡು" ಎಂದು ಮಕ್ಕಳನ್ನೇ ಕೇಳುತ್ತೇವೆ. ಮನೆಬಿಟ್ಟು ಮೊದಲ ಸಲ ಹೊಸಿಲು ದಾಟಿದ ಮಗುವೂ ಪರಸ್ಥಳದವರಾದ ನಾವೂ ಅಲ್ಲಿ ಸಮಾನ ಹೊಸಬರು. ಆ ಹುಡುಗ ನಮ್ಮ ಬಳಿ ಮತ್ತೆ ಬಾಯಿಬಿಟ್ಟು ನೀರು ಕೇಳಲು ಹದಿನೈದು ದಿನ ಹಿಡಿಯಿತು. ಇಂದಿಗೂ ‘ಹಮ್’ ಎಂದೇ ಕೇಳುತ್ತಾನೆ.

ಇದು ಕಾಶಿಯೊಂದರ ಮಾತಲ್ಲ. ಧಾರವಾಡದ ಮಗು ‘ಹೊಂಟೇನ್ರೀ’ ಎಂದಾಗ, ಕುಂದಾಪುರದ ಮಗು ‘ಹ್ವಾಯ್’ ಎಂದು ಕರೆದಾಗ ನಕ್ಕವರು ನಮ್ಮಲ್ಲೇ ಇಲ್ಲವೇ? ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳು ಅರೆಬರೆ ಕನ್ನಡ ಆಡಿದಾಗ, ಸಂಘದ ಸಮಾರಂಭಗಳಲ್ಲಿ ಹತ್ತು ಜನರೆದುರು ತಿದ್ದಿ ನಗುವವರು ಇಲ್ಲವೇ? ಕನ್ನಡ ಉಳಿಯಲೆಂಬ ಪ್ರೀತಿಯಿಂದಲೇ ಹಾಗೆ ಮಾಡುತ್ತೇವೆ. ಆದರೆ ಆ ಮಗು ಮತ್ತೆ ಬಾಯಿ ತೆರೆಯದಿದ್ದರೆ ಉಳಿದದ್ದಾದರೂ ಏನು? 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿದ್ದೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಪಾಠ ನಡೆಯಲಿ ಎನ್ನುತ್ತದೆ. ನೀತಿ ಜಾರಿಗೆ ಬರುವುದು ಸರ್ಕಾರದ ಕೈಯಲ್ಲಿದೆ. ಮಗು ಮಾತಾಡಿದಾಗ ಮೊದಲು ಅದಕ್ಕೆ ಬೇಕಾದ್ದನ್ನು ಕೊಟ್ಟು ಆಮೇಲೆ ತಿದ್ದುವುದು ನಮ್ಮ ಕೈಯಲ್ಲಿದೆ.