ಸೊನ್ನೆಯೂ ಮೌನವೂ

ಬರೆದಿಟ್ಟದ್ದು ಸತ್ಯವಾಗಿದ್ದರೆ ಸಾಲದು, ಓದುವವನಿಗೂ ಒಂದು ಸತ್ಯನಿಷ್ಠೆ ಬೇಕು. ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿ ಒದಗಿಸುವ ಮಳೆಯ ಕಡತಗಳನ್ನು ಕಂಪ್ಯೂಟರಿನಲ್ಲಿ ತೆರೆಯುವಾಗಲೆಲ್ಲ ನನಗೆ ಹೀಗೆನ್ನಿಸುತ್ತದೆ.

ದೇಶವನ್ನೆಲ್ಲ ಕಾಲು ಡಿಗ್ರಿಯ ಚೌಕಗಳಾಗಿ ಹೆಣೆದು, 1901ರಿಂದೀಚಿನ ದಿನದಿನದ ಮಳೆಯನ್ನು ಇಲಾಖೆ ಅದರಲ್ಲಿ ತುಂಬಿಸಿಟ್ಟಿದೆ. ದಿನವೊಂದಕ್ಕೆ 129 ಸಾಲು, ಸಾಲಿಗೆ 135 ಸಂಖ್ಯೆ, ಒಟ್ಟು 17,415. ಒಂದೊಂದಕ್ಕೂ ನಾಲ್ಕು ಬೈಟು. ಕಡತದಲ್ಲಿ ಅಲ್ಪವಿರಾಮವಿಲ್ಲ, ತಾರೀಕಿಲ್ಲ, ಊರ ಹೆಸರಿಲ್ಲ. ಆದವಾನಿಯ ಮಳೆ ಬೇಕಾದರೆ ದಕ್ಷಿಣದಿಂದ 38ನೆಯ ಸಾಲು, ಪಶ್ಚಿಮದಿಂದ 44ನೆಯ ಮನೆ ಎಂದು ಎಣಿಸಿಕೊಂಡೇ ಹೋಗಬೇಕು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆ ಊರು ಇಲ್ಲಿ ಯಾವ ರಾಜ್ಯದ್ದೂ ಅಲ್ಲ. ಬರಿಯ ಒಂದು ಸ್ಥಾನ.

ನಾಲ್ಕು ಬೈಟುಗಳನ್ನು ಯಾವ ತುದಿಯಿಂದ ಓದಬೇಕೆಂಬುದನ್ನೂ ಕಡತ ಹೇಳುವುದಿಲ್ಲ. ನಮ್ಮ ಓದುಗರಿಗೆ ಇದು ಹೊಸತಲ್ಲ. ಮೇಲ್ಪತ್ತೂರು ನಾರಾಯಣ ಭಟ್ಟತಿರಿಯ 'ನಾರಾಯಣೀಯಂ' ಮುಗಿದ ಕಲಿದಿನ ಅದರ ಕೊನೆಯ ಪದದಲ್ಲೇ ಅಡಗಿದೆ. ಕಟಪಯಾದಿ ಕ್ರಮದಂತೆ ಬಲದಿಂದ ಎಡಕ್ಕೆ ಓದಿದರೆ 17,12,210, ಅಂದರೆ ಕ್ರಿ.ಶ. 1586. ಎಡದಿಂದ ಓದಿದರೆ 1,22,171. ಕವಿ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಸರಿದುಬಿಡುತ್ತಾನೆ!

ಮಳೆಯ ಕಡತದಲ್ಲೂ ಹಾಗೆಯೇ. 12.3 ಮಿಲಿಮೀಟರನ್ನು ತಲೆಕೆಳಗಾಗಿ ಓದಿದರೆ ಋಣ 42 ಕೋಟಿಗೂ ಮಿಕ್ಕಿದ ಸಂಖ್ಯೆ ಬರುತ್ತದೆ. ಇದು ಕೂಗಿ ಹೇಳುವ ತಪ್ಪು, ಯಾರೂ ನಂಬರು. ಆದರೆ ಸರಿಯಾಗಿ 10 ಮಿಲಿಮೀಟರ್ ಬಿದ್ದಿದ್ದರೆ? ತಲೆಕೆಳಗಾದಾಗ ಅದು ದಶಮಾಂಶ ಬಿಂದುವಿನ ನಂತರ ನಲವತ್ತು ಸೊನ್ನೆಗಳಾಚೆಗಿನ ಒಂದು ಕಣ. ಪರದೆಯ ಮೇಲೆ ಕಾಣುವುದು 0.00. ಬಿದ್ದ ಮಳೆ ಸದ್ದಿಲ್ಲದೆ ಬರವಾಯಿತು.

ಇನ್ನೊಂದು ಸದ್ದಿಲ್ಲದ ತಪ್ಪು ಇದಕ್ಕಿಂತ ಆಳವಾದದ್ದು. ಮಾಹಿತಿಯಿಲ್ಲದ ಕಡೆ, ಉದಾಹರಣೆಗೆ ಕಾಸರಗೋಡಿನ ಪಡುವಣ ಕಡಲ ಮೇಲೆ, ಕಡತದಲ್ಲಿರುವುದು -999. ಅದು ಮಳೆಯಲ್ಲ, 'ಗೊತ್ತಿಲ್ಲ' ಎಂಬ ಗುರುತು. ಲೆಕ್ಕ ಕೆಡುತ್ತದೆಂದು ಕೆಲವರು ಅದನ್ನು ಸೊನ್ನೆ ಮಾಡಿಬಿಡುತ್ತಾರೆ. ಆಗ ಸರಾಸರಿ ನೋಡಲು ಚೆನ್ನಾಗಿಯೇ ಇರುತ್ತದೆ; ಆದರೆ ನೆನೆದ ಕರಾವಳಿ ಅರ್ಧ ಒಣಗಿರುತ್ತದೆ. 'ಗೊತ್ತಿಲ್ಲ'ವನ್ನು 'ಇಲ್ಲ' ಎಂದು ಓದುವುದು ಬರಿಯ ಲೆಕ್ಕದ ದೋಷವೇ? ನನಗೆ ಹಾಗೆ ಕಾಣುವುದಿಲ್ಲ. ಸೊನ್ನೆ ಒಂದು ಸಾಕ್ಷ್ಯ. ಮೌನ ಸಾಕ್ಷ್ಯದ ಅಭಾವ. ಮೌನವಾಗಿರುವವನ ಬಾಯಿಗೆ ಮಾತು ತುರುಕುವುದು ಸುಳ್ಳುಸಾಕ್ಷಿಯೇ ಸರಿ.

ಯಂತ್ರ ಕೊಟ್ಟದ್ದನ್ನು ನಾವು ಬರೆದುಕೊಂಡೆವು, ನಮ್ಮದೇನು ತಪ್ಪು ಎಂದು ಕೇಳಬಹುದು. ಯಂತ್ರಕ್ಕೆ ಮಳೆಯೂ ಗೊತ್ತಿಲ್ಲ, ಬರವೂ ಗೊತ್ತಿಲ್ಲ. ನಾವು ಹೇಳಿದ ತುದಿಯಿಂದ ಅದು ಓದುತ್ತದೆ. ಆದವಾನಿ, ಆಲೂರು ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಹತ್ತಿ, ಶೇಂಗಾ ಬಿತ್ತಿದವರಿಗೆ ಬೈಟುಗಳ ಗೊಡವೆಯಿಲ್ಲ. ಆದರೆ ಬರ ಘೋಷಣೆಗೆ ಮಳೆಯ ಕೊರತೆಯೇ ಒಂದು ಮುಖ್ಯ ಮಾನದಂಡ. ತಮ್ಮ ಬಗ್ಗೆ ಯಾರು ಏನು ಓದಿದರೆಂದು ಪರೀಕ್ಷಿಸುವ ದಾರಿ ಅವರಿಗಿಲ್ಲ. ಪರೀಕ್ಷಿಸಲಾರದವನ ಪರವಾಗಿ ಓದುವಾಗ ಓದುವವನ ಹೊಣೆ ಇಮ್ಮಡಿಯಾಗುತ್ತದೆ.

ಹಾಗಾಗಿ ನನ್ನ ಕ್ರಮ ಇಷ್ಟೆ: ಕಡತದ ಬೈಟುಗಳನ್ನು ಎಣಿಸಿ, ಅಧಿಕ ವರ್ಷಕ್ಕೆ 366 ದಿನ ಇವೆಯೇ ಎಂದು ನೋಡುವುದು, ಗೊತ್ತಿರುವ ಒಂದು ದೊಡ್ಡ ಮಳೆಯ ದಿನವನ್ನು ಹುಡುಕಿ ತಾಳೆ ಹಾಕುವುದು, ಗೊತ್ತಿಲ್ಲದ ಕಡೆ 'ಗೊತ್ತಿಲ್ಲ' ಎಂದೇ ಬಿಡುವುದು. ಮೂರನೆಯದು ಎಲ್ಲಕ್ಕಿಂತ ಸುಲಭ. ಮನಸ್ಸು ಒಪ್ಪುವುದು ಮಾತ್ರ ಕಷ್ಟ.